ಮೂತ್ರಪಿಂಡದ ಗಡ್ಡೆಗಳ ಸಿ.ಟಿ. ಚಿತ್ರಣ

ಮೂತ್ರಪಿಂಡದ ಗಡ್ಡೆಗಳ ಸಿ.ಟಿ. ಚಿತ್ರಣ ಎಂದರೆ ಮೂತ್ರಪಿಂಡದಲ್ಲಿ ಬೆಳೆದಿರುವ ಗಡ್ಡೆಗಳನ್ನು ಪತ್ತೆಹಚ್ಚಲು, ಅವುಗಳ ಸ್ವರೂಪವನ್ನು ತಿಳಿಯಲು ಮತ್ತು ಕ್ಯಾನ್ಸರ್ ಆಗಿದ್ದರೆ ಅದು ಎಷ್ಟು ಹರಡಿದೆ ಎಂಬುದನ್ನು ನಿರ್ಧರಿಸಲು ಕಂಪ್ಯೂಟೆಡ್ ಟೊಮೊಗ್ರಫಿಯನ್ನು ಬಳಸುವ ವಿಧಾನ. ಮೂತ್ರಪಿಂಡದ ಗಡ್ಡೆಗಳ ಪರಿಶೀಲನೆಗೆ ಇಂದು ಅತಿ ಹೆಚ್ಚಾಗಿ ಬಳಕೆಯಲ್ಲಿರುವ ಚಿತ್ರಣ ಪರೀಕ್ಷೆ ಇದೇ ಆಗಿದೆ. ರಕ್ತನಾಳದ ಮೂಲಕ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವವನ್ನು ನೀಡುವ ಮೊದಲು ಮತ್ತು ನೀಡಿದ ನಂತರ ಗಡ್ಡೆಯ ಸಾಂದ್ರತೆ ಎಷ್ಟು ಬದಲಾಯಿತು ಎಂಬ ಅಳತೆಯ ಮೇಲೆ ಈ ಪರೀಕ್ಷೆ ನಿಂತಿದೆ. ನೀರು ತುಂಬಿದ ನಿರುಪದ್ರವಿ ಚೀಲವನ್ನು ಘನ ಗಡ್ಡೆಯಿಂದ ಬೇರ್ಪಡಿಸುವಲ್ಲಿ ಸಿ.ಟಿ. ಬಹುಮಟ್ಟಿಗೆ ನಿಖರವಾಗಿದೆ. ಆದರೆ ಒಂದು ಘನ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬುದನ್ನು ಅದು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾರದು. ಈ ಮಿತಿಯ ಕಾರಣದಿಂದಾಗಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಸಣ್ಣ ಗಡ್ಡೆಗಳಲ್ಲಿ ಕೆಲವು ನಿರುಪದ್ರವಿ ಎಂದು ನಂತರ ತಿಳಿದುಬರುತ್ತದೆ.

ಹಿನ್ನೆಲೆ

ಸಿ.ಟಿ. ಬರುವ ಮೊದಲು ಮೂತ್ರಪಿಂಡದ ಗಡ್ಡೆಗಳನ್ನು ಗುರುತಿಸಲು ವೈದ್ಯರು ಇಂಟ್ರಾವೀನಸ್ ಪೈಲೋಗ್ರಾಮ್ ಮತ್ತು ಅಪಧಮನಿಗಳ ಕ್ಷ-ಕಿರಣ ಚಿತ್ರಣವನ್ನು ಅವಲಂಬಿಸಿದ್ದರು. ಇವುಗಳಲ್ಲಿ ಗಡ್ಡೆಯು ನೇರವಾಗಿ ಕಾಣುತ್ತಿರಲಿಲ್ಲ. ಮೂತ್ರಪಿಂಡದ ಹೊರರೇಖೆ ಉಬ್ಬಿರುವುದನ್ನು, ಮೂತ್ರ ಸಂಗ್ರಹವಾಗುವ ಭಾಗ ಒತ್ತಲ್ಪಟ್ಟಿರುವುದನ್ನು ಅಥವಾ ರಕ್ತನಾಳಗಳು ಅಸಹಜವಾಗಿ ಹಬ್ಬಿರುವುದನ್ನು ನೋಡಿ ಅದನ್ನು ಊಹಿಸಬೇಕಾಗಿತ್ತು. ಅನುಮಾನ ಉಳಿದಾಗ ಸಾಮಾನ್ಯ ನೀರುಚೀಲಕ್ಕೂ ಶಸ್ತ್ರಚಿಕಿತ್ಸೆ ನಡೆಸಿ ನೋಡುವುದು ಅಪರೂಪವಾಗಿರಲಿಲ್ಲ.

ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ 1971ರಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿ.ಟಿ. ಚಿತ್ರಣ ನಡೆಯಿತು. ಈ ಸಾಧನೆಗಾಗಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ 1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆರಂಭದ ಯಂತ್ರಗಳು ತಲೆಯ ಚಿತ್ರಣಕ್ಕೆ ಮಾತ್ರ ಸೀಮಿತವಾಗಿದ್ದು, 1970ರ ದಶಕದ ಮಧ್ಯಭಾಗದಲ್ಲಿ ಇಡೀ ದೇಹದ ಚಿತ್ರಣ ಸಾಧ್ಯವಾಯಿತು. ಮೂತ್ರಪಿಂಡದ ದೃಷ್ಟಿಯಿಂದ ಹೆಚ್ಚು ಮಹತ್ವದ ಬದಲಾವಣೆಯೆಂದರೆ 1980ರ ದಶಕದ ಕೊನೆಯಲ್ಲಿ ಬಂದ ಸುರುಳಿಯಾಕಾರದ ಸಿ.ಟಿ. ಮೂತ್ರಪಿಂಡಗಳು ಉಸಿರಾಟದೊಂದಿಗೆ ಮೇಲೆ ಕೆಳಗೆ ಚಲಿಸುತ್ತವೆ. ಹಳೆಯ ಯಂತ್ರಗಳಲ್ಲಿ ಪ್ರತಿ ಅಡ್ಡಚಿತ್ರಕ್ಕೂ ಉಸಿರು ಹಿಡಿಯಬೇಕಾಗಿದ್ದರಿಂದ ಸಣ್ಣ ಗಡ್ಡೆಯೊಂದು ಎರಡು ಚಿತ್ರಗಳ ನಡುವೆ ಕಣ್ತಪ್ಪಿ ಹೋಗಬಹುದಿತ್ತು. ಒಂದೇ ಉಸಿರಿನಲ್ಲಿ ಇಡೀ ಮೂತ್ರಪಿಂಡವನ್ನು ಚಿತ್ರಿಸುವುದು ಸಾಧ್ಯವಾದಾಗ ಈ ತೊಂದರೆ ನೀಗಿತು.

ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಬಳಕೆ ವ್ಯಾಪಕವಾದ ಮೇಲೆ ರೋಗ ಪತ್ತೆಯಾಗುವ ಬಗೆಯೇ ಬದಲಾಯಿತು. ಪಕ್ಕೆನೋವು, ಮೂತ್ರದಲ್ಲಿ ರಕ್ತ ಮತ್ತು ಕೈಗೆ ಸಿಗುವ ಗಂಟು ಎಂಬ ಮೂರು ಲಕ್ಷಣಗಳು ಒಟ್ಟಿಗೆ ಇರುವುದು ಈಗ ಶೇಕಡ 10ಕ್ಕಿಂತ ಕಡಿಮೆ ರೋಗಿಗಳಲ್ಲಿ. ಅರ್ಧಕ್ಕಿಂತ ಹೆಚ್ಚು ಮೂತ್ರಪಿಂಡದ ಕ್ಯಾನ್ಸರ್‌ಗಳು ಬೇರಾವುದೋ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಕಾಣಸಿಗುತ್ತವೆ.

ಹೌನ್ಸ್‌ಫೀಲ್ಡ್ ಮಾನ ಮತ್ತು ವರ್ಧನೆ

ಸಿ.ಟಿ. ಚಿತ್ರದ ಪ್ರತಿ ಬಿಂದುವಿಗೂ ಒಂದು ಸಂಖ್ಯೆಯಿರುತ್ತದೆ. ಆ ಸ್ಥಳದ ಅಂಗಾಂಶವು ಕ್ಷ-ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಸೂಚಿಸುವ ಈ ಸಂಖ್ಯೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಹೇಳಲಾಗುತ್ತದೆ. ಈ ಮಾನದಲ್ಲಿ ನೀರು 0, ಗಾಳಿ -1000. ಕೊಬ್ಬು ಸಾಮಾನ್ಯವಾಗಿ -50ರಿಂದ -100ರ ಆಸುಪಾಸಿನಲ್ಲಿರುತ್ತದೆ. ಕಾಂಟ್ರಾಸ್ಟ್ ನೀಡದ ಚಿತ್ರದಲ್ಲಿ ಆರೋಗ್ಯವಂತ ಮೂತ್ರಪಿಂಡ 30ರಿಂದ 40ರ ಸುತ್ತ ಇರುತ್ತದೆ.

ಕಾಂಟ್ರಾಸ್ಟ್ ದ್ರವ ರಕ್ತದೊಂದಿಗೆ ಸಾಗುವುದರಿಂದ ರಕ್ತ ಪೂರೈಕೆಯಿರುವ ಅಂಗಾಂಶದ ಸಂಖ್ಯೆ ಏರುತ್ತದೆ. ಇದನ್ನು ಎನ್‌ಹ್ಯಾನ್ಸ್‌ಮೆಂಟ್ ಅಥವಾ ವರ್ಧನೆ ಎನ್ನುತ್ತಾರೆ. ನೀರುಚೀಲದ ಒಳಗೆ ರಕ್ತನಾಳಗಳಿಲ್ಲದ ಕಾರಣ ಅದರ ಸಂಖ್ಯೆ ಏರುವುದಿಲ್ಲ. ಏರಿಕೆ 20 ಮಾನ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವರ್ಧನೆ ಇದೆ ಎಂದೂ, 10ಕ್ಕಿಂತ ಕಡಿಮೆಯಿದ್ದರೆ ಇಲ್ಲವೆಂದೂ ಪರಿಗಣಿಸುವುದು ವಾಡಿಕೆ. 10ರಿಂದ 20ರ ನಡುವಿನದು ಅನಿಶ್ಚಿತ ವಲಯ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕಾಂಟ್ರಾಸ್ಟ್‌ಗೆ ಮೊದಲು 35 ಇದ್ದ ಗಡ್ಡೆ ನಂತರ 95 ಆದರೆ ಅದು ಘನ ಗಡ್ಡೆ. 8 ಇದ್ದದ್ದು 11 ಆದರೆ ನೀರುಚೀಲ. ಇನ್ನೊಂದು ಗಡ್ಡೆಯಲ್ಲಿ ಕಾಂಟ್ರಾಸ್ಟ್ ನಂತರದ ಅಳತೆ 72 ಎಂದುಕೊಳ್ಳೋಣ. ಮೊದಲಿನ ಚಿತ್ರವನ್ನು ತೆಗೆದಿರದಿದ್ದರೆ ಇದನ್ನು ಘನ ಗಡ್ಡೆಯೆಂದೇ ಅನುಮಾನಿಸಬೇಕಾಗುತ್ತದೆ. ಮೊದಲಿನ ಅಳತೆಯೂ 70 ಆಗಿತ್ತೆಂದು ಗೊತ್ತಾದರೆ, ಅದು ಹಳೆಯ ರಕ್ತಸ್ರಾವ ಅಥವಾ ಪ್ರೋಟೀನಿನಿಂದ ಗಟ್ಟಿಯಾದ ದ್ರವವಿರುವ ಚೀಲ ಮಾತ್ರ. ಕಾಂಟ್ರಾಸ್ಟ್ ಇಲ್ಲದ ಚಿತ್ರವನ್ನು ಅನಗತ್ಯವೆಂದು ಬಿಟ್ಟುಬಿಡುವುದರಿಂದ ಆಗುವ ನಷ್ಟ ಇದು. ಅಂಥ ಸಂದರ್ಭದಲ್ಲಿ ರೋಗಿಯನ್ನು ಇನ್ನೊಮ್ಮೆ ಪರೀಕ್ಷೆಗೆ ಕರೆಯಬೇಕಾಗುತ್ತದೆ. ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಬಳಸುವ ಡ್ಯುಯಲ್ ಎನರ್ಜಿ ಯಂತ್ರಗಳಲ್ಲಿ ಅಯೋಡಿನ್ನಿನ ಪಾಲನ್ನು ಲೆಕ್ಕ ಹಾಕಿ ಕಳೆಯಬಹುದಾದ್ದರಿಂದ ಕಾಂಟ್ರಾಸ್ಟ್ ನಂತರದ ಒಂದೇ ಚಿತ್ರಣದಿಂದಲೂ ಈ ಪ್ರಶ್ನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ದೊರೆಯುತ್ತದೆ.

ಅಳತೆಯಲ್ಲಿ ಒಂದು ಬಲೆಯೂ ಇದೆ. ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದಾದ ನೀರುಚೀಲವೊಂದು ಮೂತ್ರಪಿಂಡದ ಒಳಭಾಗದಲ್ಲಿದ್ದು, ಸುತ್ತಲಿನ ಅಂಗಾಂಶ ಕಾಂಟ್ರಾಸ್ಟ್‌ನಿಂದ ಬಹಳ ಪ್ರಕಾಶಮಾನವಾಗಿದ್ದರೆ, ಕ್ಷ-ಕಿರಣದ ಗುಣದಲ್ಲಾಗುವ ಬದಲಾವಣೆಯಿಂದ ಚೀಲದ ಸಂಖ್ಯೆ ಸುಳ್ಳಾಗಿ ಏರಿದಂತೆ ತೋರುತ್ತದೆ. ಇದು ಹುಸಿ ವರ್ಧನೆ.

ಪರೀಕ್ಷೆಯ ಹಂತಗಳು

ಸಾಮಾನ್ಯವಾಗಿ ತೋಳಿನ ಅಭಿಧಮನಿಗೆ ಯಂತ್ರದ ಮೂಲಕ ಕಾಂಟ್ರಾಸ್ಟ್ ನೀಡಿ, ನಿಗದಿತ ಸಮಯಗಳಲ್ಲಿ ಚಿತ್ರ ತೆಗೆಯಲಾಗುತ್ತದೆ. ದ್ರವ ಒಳಹೋಗುವಾಗ ಮೈ ಬಿಸಿಯಾದಂತೆ ಅನ್ನಿಸುವುದು, ಬಾಯಲ್ಲಿ ಲೋಹದ ರುಚಿ ಬರುವುದು ಸಹಜ.

ಕಾಂಟ್ರಾಸ್ಟ್ ನೀಡಿದ ಸುಮಾರು 30ರಿಂದ 70 ಸೆಕೆಂಡುಗಳ ಅವಧಿಯಲ್ಲಿ ಮೂತ್ರಪಿಂಡದ ಹೊರಪದರವಾದ ಕಾರ್ಟೆಕ್ಸ್ ಮಾತ್ರ ಬೆಳಗಿ, ಒಳಪದರವಾದ ಮೆಡುಲ್ಲಾ ಮಬ್ಬಾಗಿಯೇ ಇರುತ್ತದೆ. ರಕ್ತನಾಳಗಳ ವಿನ್ಯಾಸ ಈ ಹಂತದಲ್ಲಿ ಚೆನ್ನಾಗಿ ಕಾಣುವುದರಿಂದ ಶಸ್ತ್ರಚಿಕಿತ್ಸಕರಿಗೆ ಇದು ಉಪಯುಕ್ತ. ಆದರೆ ಮಬ್ಬಾದ ಮೆಡುಲ್ಲಾದೊಳಗೆ ಅಡಗಿರುವ ಸಣ್ಣ ಗಡ್ಡೆ ಇಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಸುಮಾರು 90ರಿಂದ 120 ಸೆಕೆಂಡುಗಳ ಹೊತ್ತಿಗೆ ಇಡೀ ಮೂತ್ರಪಿಂಡ ಒಂದೇ ಸಮನಾಗಿ ಬೆಳಗುತ್ತದೆ. ನೆಫ್ರೋಗ್ರಾಫಿಕ್ ಎಂದು ಕರೆಯುವ ಈ ಹಂತವೇ ಗಡ್ಡೆಗಳ ಪತ್ತೆಗೆ ಅತ್ಯಂತ ಸೂಕ್ತವಾದುದು. ಕೆಲವು ನಿಮಿಷಗಳ ನಂತರ ಕಾಂಟ್ರಾಸ್ಟ್ ಮೂತ್ರದೊಂದಿಗೆ ಹೊರಬರುವಾಗ ತೆಗೆಯುವ ಚಿತ್ರವು ಗಡ್ಡೆಗೂ ಮೂತ್ರ ಸಂಗ್ರಹವಾಗುವ ಭಾಗಕ್ಕೂ ಇರುವ ಸಂಬಂಧವನ್ನು ತೋರಿಸುತ್ತದೆ. ಮೂತ್ರನಾಳದ ಒಳಪದರದಲ್ಲಿ ಹುಟ್ಟುವ ಯೂರೋಥೀಲಿಯಲ್ ಕ್ಯಾನ್ಸರಿನ ಅನುಮಾನವಿದ್ದಾಗ ಈ ಹಂತ ಅನಿವಾರ್ಯ. ಎಲ್ಲ ರೋಗಿಗಳಿಗೂ ಎಲ್ಲ ಹಂತಗಳೂ ಬೇಕಿಲ್ಲ.

ದ್ರವಚೀಲಗಳು ಮತ್ತು ಬಾಸ್ನಿಯಾಕ್ ವರ್ಗೀಕರಣ

ವಯಸ್ಸಾದಂತೆ ಮೂತ್ರಪಿಂಡದಲ್ಲಿ ಸಿಸ್ಟ್ ಎಂದು ಕರೆಯುವ ದ್ರವಚೀಲಗಳು ಕಾಣಿಸಿಕೊಳ್ಳುವುದು ತೀರ ಸಾಮಾನ್ಯ. ಅವುಗಳಲ್ಲಿ ಬಹುಪಾಲು ಯಾವ ಚಿಕಿತ್ಸೆಯನ್ನೂ ಬೇಡುವುದಿಲ್ಲ. ಕೆಲವು ಕ್ಯಾನ್ಸರ್‌ಗಳು ಮಾತ್ರ ಚೀಲದ ರೂಪದಲ್ಲಿಯೇ ಬೆಳೆಯುತ್ತವೆ. ಇವೆರಡನ್ನೂ ಬೇರ್ಪಡಿಸಲು ನ್ಯೂಯಾರ್ಕಿನ ವಿಕಿರಣತಜ್ಞ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಒಂದು ವರ್ಗೀಕರಣವನ್ನು ಪ್ರಕಟಿಸಿದರು. ವರದಿಗಳಲ್ಲಿ ಇಂದಿಗೂ ಅವರ ಹೆಸರಿನಲ್ಲಿಯೇ ವರ್ಗಗಳನ್ನು ನಮೂದಿಸಲಾಗುತ್ತದೆ.

ಮೊದಲ ವರ್ಗದ ಚೀಲಕ್ಕೆ ತೆಳುವಾದ ಗೋಡೆ, ಒಳಗೆ ನೀರಿನಂಥ ದ್ರವ. ಎರಡನೆಯ ವರ್ಗದಲ್ಲಿ ಒಂದೆರಡು ತೆಳುವಾದ ಅಡ್ಡಗೋಡೆಗಳು ಅಥವಾ ಸುಣ್ಣದ ಕಣಗಳು ಇರಬಹುದು. ಇವೆರಡೂ ನಿರುಪದ್ರವಿ. ಮೂರನೆಯ ವರ್ಗದಲ್ಲಿ ಗೋಡೆ ಅಥವಾ ಅಡ್ಡಗೋಡೆ ದಪ್ಪವಾಗಿದ್ದು ಅಥವಾ ಅಂಕುಡೊಂಕಾಗಿದ್ದು ವರ್ಧನೆಯನ್ನೂ ತೋರುತ್ತದೆ. ಇವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಎಂದು ಕಂಡುಬರುತ್ತವೆ. ನಾಲ್ಕನೆಯ ವರ್ಗದಲ್ಲಿ ವರ್ಧನೆ ತೋರುವ ಘನ ಗಂಟು ಇರುತ್ತದೆ. ಇಲ್ಲಿ ಕ್ಯಾನ್ಸರಿನ ಪ್ರಮಾಣ ಶೇಕಡ 90ರ ಸಮೀಪ.

ಎರಡು ಮತ್ತು ಮೂರನೆಯ ವರ್ಗಗಳ ನಡುವಿನ ಕಂದರವೇ ಹೆಚ್ಚು ಗೊಂದಲಕ್ಕೆ ಎಡೆಮಾಡಿತ್ತು. ಒಂದಕ್ಕೆ ಏನೂ ಬೇಡ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ. 1990ರ ದಶಕದಲ್ಲಿ ಬಾಸ್ನಿಯಾಕ್ ಅವರೇ '2 ಎಫ್' ಎಂಬ ಉಪವರ್ಗವನ್ನು ಸೇರಿಸಿದರು. ಇಲ್ಲಿ 'ಎಫ್' ಎಂದರೆ ಅನುಸರಣೆ, ಅಂದರೆ ತೆಗೆಯದೆ ಕಾಲಕಾಲಕ್ಕೆ ಚಿತ್ರಣ ಮಾಡಿ ಗಮನಿಸುವುದು. 2019ರಲ್ಲಿ ಪರಿಷ್ಕೃತ ರೂಪವೊಂದು ಪ್ರಕಟವಾಯಿತು. 'ತೆಳು', 'ದಪ್ಪ' ಎಂಬ ಪದಗಳಿಗೆ ಅದು ಅಳತೆಯನ್ನು ಕೊಟ್ಟಿತು: 2 ಮಿಲಿಮೀಟರ್‌ವರೆಗೆ ತೆಳು, 3 ಅಲ್ಪ ದಪ್ಪ, 4 ಅಥವಾ ಹೆಚ್ಚಾದರೆ ದಪ್ಪ. ಎಂ.ಆರ್.ಐ. ಚಿತ್ರಗಳಿಗೂ ವರ್ಗೀಕರಣ ವಿಸ್ತರಿಸಿತು. ಈ ಪರಿಷ್ಕರಣೆಯ ಉದ್ದೇಶಗಳಲ್ಲಿ ಒಂದು, ಒಂದೇ ಚೀಲವನ್ನು ಇಬ್ಬರು ತಜ್ಞರು ಎರಡು ವರ್ಗಗಳಿಗೆ ಸೇರಿಸುವುದನ್ನು ತಗ್ಗಿಸುವುದು. ಇನ್ನೊಂದು, ಕ್ಯಾನ್ಸರ್ ಅಲ್ಲದ ಚೀಲಗಳಿಗಾಗಿ ನಡೆಯುವ ಶಸ್ತ್ರಚಿಕಿತ್ಸೆಗಳನ್ನು ಕಡಿಮೆ ಮಾಡುವುದು.

ಕೊಬ್ಬಿನಂಶವಿರುವ ಗಡ್ಡೆ

ಘನ ಗಡ್ಡೆಗಳ ಪೈಕಿ ಸಿ.ಟಿ.ಯು ಹೆಚ್ಚಿನ ವಿಶ್ವಾಸದಿಂದ ನಿರುಪದ್ರವಿ ಎಂದು ಹೇಳಬಲ್ಲದ್ದು ಆಂಜಿಯೋಮಯೋಲಿಪೋಮ. ಹೆಸರೇ ಸೂಚಿಸುವಂತೆ ಇದರಲ್ಲಿ ರಕ್ತನಾಳ, ಸ್ನಾಯು ಮತ್ತು ಕೊಬ್ಬು ಬೆರೆತಿರುತ್ತವೆ. ಕಾಂಟ್ರಾಸ್ಟ್ ಇಲ್ಲದ ತೆಳುವಾದ ಅಡ್ಡಚಿತ್ರಗಳಲ್ಲಿ ಗಡ್ಡೆಯೊಳಗೆ -10ಕ್ಕಿಂತ ಕೆಳಗಿನ ಸಂಖ್ಯೆ ಸಿಕ್ಕರೆ ಕೊಬ್ಬು ಇದೆಯೆಂದು ತಿಳಿಯಲಾಗುತ್ತದೆ. ಕ್ಯಾನ್ಸರ್‌ಗಳಲ್ಲಿಯೂ ಬಲು ಅಪರೂಪಕ್ಕೆ ಕೊಬ್ಬು ಕಾಣುವುದುಂಟು. ಕೊಬ್ಬಿನ ಜೊತೆಗೆ ಸುಣ್ಣದ ಶೇಖರಣೆಯೂ ಇದ್ದರೆ ಕ್ಯಾನ್ಸರಿನ ಅನುಮಾನವನ್ನು ಬಿಡಬಾರದು. ಇದಕ್ಕೆ ವಿರುದ್ಧವಾಗಿ, ಕೆಲವು ಆಂಜಿಯೋಮಯೋಲಿಪೋಮಗಳಲ್ಲಿ ಕೊಬ್ಬು ಕಣ್ಣಿಗೆ ಬೀಳದಷ್ಟು ಕಡಿಮೆಯಿದ್ದು, ಅವು ಕ್ಯಾನ್ಸರಿನಂತೆಯೇ ತೋರುತ್ತವೆ.

ನಿರುಪದ್ರವಿ ಎಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ದೊಡ್ಡದಾದ ಆಂಜಿಯೋಮಯೋಲಿಪೋಮ ಒಡೆದು ತೀವ್ರ ರಕ್ತಸ್ರಾವವಾಗಬಹುದು. 4 ಸೆಂಟಿಮೀಟರನ್ನು ಬಹುಕಾಲದಿಂದ ಎಚ್ಚರಿಕೆಯ ಗಡಿಯಾಗಿ ಬಳಸಲಾಗಿದೆ. ಎರಡೂ ಮೂತ್ರಪಿಂಡಗಳಲ್ಲಿ ಇಂಥ ಅನೇಕ ಗಡ್ಡೆಗಳಿದ್ದರೆ ಟ್ಯೂಬರಸ್ ಸ್ಕ್ಲಿರೋಸಿಸ್ ಎಂಬ ಆನುವಂಶಿಕ ಕಾಯಿಲೆಯನ್ನು ಪರಿಗಣಿಸಬೇಕಾಗುತ್ತದೆ.

ಇತರ ಘನ ಗಡ್ಡೆಗಳು

ವಯಸ್ಕರ ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ರೀನಲ್ ಸೆಲ್ ಕಾರ್ಸಿನೋಮ ಗುಂಪಿಗೆ ಸೇರಿದವು. ಇವುಗಳಲ್ಲಿ ಸುಮಾರು ಮುಕ್ಕಾಲು ಪಾಲಿನಷ್ಟಿರುವ ಕ್ಲಿಯರ್ ಸೆಲ್ ಬಗೆಯು ರಕ್ತನಾಳಗಳಿಂದ ಸಮೃದ್ಧವಾಗಿದ್ದು, ಮೊದಲ ನಿಮಿಷದೊಳಗಿನ ಹಂತದಲ್ಲೇ ತೀವ್ರವಾಗಿ ಬೆಳಗಿ ನಂತರ ಕಳೆಗುಂದುತ್ತದೆ. ಒಳಗೆ ಕೊಳೆತ ಅಥವಾ ರಕ್ತಸ್ರಾವವಾದ ಭಾಗಗಳಿರುವುದರಿಂದ ಅದು ಒಂದೇ ಸಮನಾಗಿ ಕಾಣುವುದಿಲ್ಲ. ಪ್ಯಾಪಿಲರಿ ಬಗೆಯು ಇದಕ್ಕೆ ತದ್ವಿರುದ್ಧ: ಏಕರೂಪವಾಗಿದ್ದು ನಿಧಾನವಾಗಿ, ಅಲ್ಪವಾಗಿ ಬೆಳಗುತ್ತದೆ. ಅದರ ಏರಿಕೆ ಕೆಲವೊಮ್ಮೆ 10ರಿಂದ 20ರ ಅನಿಶ್ಚಿತ ವಲಯದಲ್ಲಿಯೇ ಉಳಿಯುವುದರಿಂದ, ಗಟ್ಟಿ ದ್ರವದ ಚೀಲವೆಂದು ತಪ್ಪಾಗಿ ಬಗೆಯುವ ಸಾಧ್ಯತೆ ಹೆಚ್ಚು. ಇಂಥಲ್ಲಿ ಎಂ.ಆರ್.ಐ. ಅಥವಾ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ನೆರವಿಗೆ ಬರುತ್ತದೆ. ಕ್ರೋಮೋಫೋಬ್ ಬಗೆಯು ಇವೆರಡರ ನಡುವಿನದು.

ಕಠಿಣವಾದ ಪ್ರಶ್ನೆ ಆಂಕೋಸೈಟೋಮದ್ದು. ಇದು ನಿರುಪದ್ರವಿ ಗಡ್ಡೆ. ನಡುವೆ ನಕ್ಷತ್ರಾಕಾರದ ಕಲೆಯಿರುವುದು ಇದರ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ಕಲೆ ಎಲ್ಲ ಆಂಕೋಸೈಟೋಮಗಳಲ್ಲಿ ಇರುವುದಿಲ್ಲ, ಮತ್ತು ಕ್ಯಾನ್ಸರ್‌ಗಳಲ್ಲಿಯೂ ಅಂಥದೇ ಕಲೆ ಕಾಣಬಹುದು. ಆದ್ದರಿಂದ ಸಿ.ಟಿ. ಚಿತ್ರವನ್ನಷ್ಟೇ ನಂಬಿ ಗಡ್ಡೆಯನ್ನು ಆಂಕೋಸೈಟೋಮ ಎಂದು ಘೋಷಿಸುವುದು ಸುರಕ್ಷಿತವಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 4 ಸೆಂಟಿಮೀಟರಿಗಿಂತ ಚಿಕ್ಕದಾದ ಘನ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ನಿರುಪದ್ರವಿ ಎಂದು ಕಂಡುಬರಲು ಆಂಕೋಸೈಟೋಮ ಮತ್ತು ಕೊಬ್ಬು ಕಾಣದ ಆಂಜಿಯೋಮಯೋಲಿಪೋಮಗಳೇ ಮುಖ್ಯ ಕಾರಣ.

ಈ ಕಾರಣದಿಂದ ಸೂಜಿಯ ಮೂಲಕ ಅಂಗಾಂಶದ ತುಣುಕನ್ನು ತೆಗೆದು ನೋಡುವ ಬಯಾಪ್ಸಿಗೆ ಮೊದಲಿಗಿಂತ ಹೆಚ್ಚು ಮನ್ನಣೆ ದೊರೆತಿದೆ. ಲಿಂಫೋಮ ಅಥವಾ ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರಿನ ಅನುಮಾನವಿದ್ದಾಗ ಬಯಾಪ್ಸಿಯೇ ಸರಿಯಾದ ದಾರಿ, ಏಕೆಂದರೆ ಅವುಗಳ ಚಿಕಿತ್ಸೆ ಮುಖ್ಯವಾಗಿ ಔಷಧಗಳಿಂದ ನಡೆಯುತ್ತದೆ. ವಯಸ್ಸಾದವರಲ್ಲಿ, ಬೇರೆ ಗಂಭೀರ ಕಾಯಿಲೆಯಿರುವವರಲ್ಲಿ ಸಣ್ಣ ಗಡ್ಡೆಯನ್ನು ತೆಗೆಯದೆ ಚಿತ್ರಣದಿಂದ ಗಮನಿಸುತ್ತ ಹೋಗುವುದೂ ಒಪ್ಪಿತ ಮಾರ್ಗವೇ. ಇಂಥ ಗಡ್ಡೆಗಳು ಸರಾಸರಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ.

ಗಡ್ಡೆಯಂತೆ ತೋರುವ ಇತರ ಸ್ಥಿತಿಗಳು

ಕಾರ್ಟೆಕ್ಸಿನ ಒಂದು ಭಾಗ ಮೆಡುಲ್ಲಾದ ನಡುವೆ ಚಾಚಿಕೊಂಡಿರುವ ಬೆರ್ಟಿನ್ ಸ್ತಂಭ ಮತ್ತು ಎಡ ಮೂತ್ರಪಿಂಡದ ಹೊರ ಅಂಚಿನ ಸಹಜ ಉಬ್ಬು ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ಅನುಮಾನ ಹುಟ್ಟಿಸುತ್ತವೆ. ಸಿ.ಟಿ.ಯ ಎಲ್ಲ ಹಂತಗಳಲ್ಲಿಯೂ ಇವು ಉಳಿದ ಮೂತ್ರಪಿಂಡದಂತೆಯೇ ಬೆಳಗುವುದರಿಂದ ಅನುಮಾನ ಕಳೆಯುತ್ತದೆ. ಸೋಂಕುಗಳು ಇದಕ್ಕಿಂತ ತೊಡಕಿನವು. ಒಂದು ಭಾಗಕ್ಕೆ ಸೀಮಿತವಾದ ಸೋಂಕು ಅಥವಾ ಕೀವುಗಡ್ಡೆಯನ್ನು ಜ್ವರ, ಮೂತ್ರ ಪರೀಕ್ಷೆ ಮತ್ತು ಚಿಕಿತ್ಸೆಯ ನಂತರದ ಚಿತ್ರಣದ ಜೊತೆಗೆ ಹೊಂದಿಸಿ ನೋಡಬೇಕಾಗುತ್ತದೆ. ದೀರ್ಘಕಾಲದ ಕಲ್ಲಿನ ತೊಂದರೆಯಿಂದ ಉಂಟಾಗುವ ಕ್ಸಾಂಥೋಗ್ರ್ಯಾನುಲೋಮಟಸ್ ಪೈಲೋನೆಫ್ರೈಟಿಸ್‌ನಲ್ಲಿ ಮೂತ್ರಪಿಂಡ ಹಿಗ್ಗಿ, ಅದರ ಒಳಭಾಗಗಳು ಕರಡಿಯ ಪಂಜದ ಗುರುತಿನಂತೆ ಕಾಣುತ್ತವೆ. ಸುತ್ತಲಿನ ಕೊಬ್ಬಿಗೂ ಪಕ್ಕದ ಅಂಗಗಳಿಗೂ ಹಬ್ಬುವ ಇದರ ಗುಣ ಕ್ಯಾನ್ಸರನ್ನು ಹೋಲುತ್ತದೆ. ಕ್ಷಯರೋಗ ವ್ಯಾಪಕವಾಗಿರುವ ಭಾರತದಂಥ ದೇಶಗಳಲ್ಲಿ ಮೂತ್ರಪಿಂಡದ ಕ್ಷಯವನ್ನೂ ಮರೆಯುವಂತಿಲ್ಲ.

ಹರಡುವಿಕೆಯ ನಿರ್ಣಯ

ಮೂತ್ರಪಿಂಡದ ಕ್ಯಾನ್ಸರಿನ ಹಂತವನ್ನು ಗಡ್ಡೆಯ ಗಾತ್ರ ಮತ್ತು ಅದು ದಾಟಿರುವ ಗಡಿಗಳ ಆಧಾರದಿಂದ ಗುರುತಿಸಲಾಗುತ್ತದೆ. ಮೂತ್ರಪಿಂಡದೊಳಗೇ ಇದ್ದು 7 ಸೆಂಟಿಮೀಟರ್‌ವರೆಗಿನದು ಮೊದಲ ಹಂತ, ಅದಕ್ಕಿಂತ ದೊಡ್ಡದು ಎರಡನೆಯದು. ಮೂತ್ರಪಿಂಡದ ಅಭಿಧಮನಿ ಅಥವಾ ಸುತ್ತಲಿನ ಕೊಬ್ಬಿಗೆ ಹಬ್ಬಿದ್ದರೆ ಮೂರನೆಯದು. ಮೂತ್ರಪಿಂಡವನ್ನು ಸುತ್ತುವರಿದ ಜೆರೋಟಾ ಪೊರೆಯನ್ನೂ ದಾಟಿದ್ದರೆ ಅಥವಾ ದೂರದ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯದು.

ಅಭಿಧಮನಿಯೊಳಗೆ ಬೆಳೆಯುವುದು ಈ ಕ್ಯಾನ್ಸರಿನ ವಿಶೇಷ ಗುಣ. ಗಡ್ಡೆಯ ಎಳೆಯೊಂದು ಮೂತ್ರಪಿಂಡದ ಅಭಿಧಮನಿಯಿಂದ ಕೆಳ ಮಹಾ ಅಭಿಧಮನಿಗೆ ಸಾಗಿ, ಕೆಲವೊಮ್ಮೆ ವಪೆಯನ್ನು ದಾಟಿ ಹೃದಯದ ಬಲ ಹೃತ್ಕರ್ಣದವರೆಗೂ ತಲುಪುತ್ತದೆ. ಅದರ ಮೇಲ್ತುದಿ ಎಲ್ಲಿದೆ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಸ್ವರೂಪ ನಿಂತಿದೆ. ವಪೆಯ ಮೇಲಕ್ಕೆ ಹೋಗಿದ್ದರೆ ಹೃದಯ ಶಸ್ತ್ರಚಿಕಿತ್ಸಕರ ನೆರವು ಬೇಕಾಗುವುದುಂಟು. ಗಡ್ಡೆಯ ಎಳೆ ವರ್ಧನೆ ತೋರುತ್ತದೆ, ಬರಿಯ ರಕ್ತದ ಹೆಪ್ಪು ತೋರುವುದಿಲ್ಲ. ಕಾಂಟ್ರಾಸ್ಟ್ ನೀಡಿದ ಕೂಡಲೇ ತೆಗೆದ ಚಿತ್ರದಲ್ಲಿ ಮೂತ್ರಪಿಂಡದಿಂದ ಬರುವ ಬೆಳಗಿದ ರಕ್ತವೂ ಕಾಲುಗಳಿಂದ ಬರುವ ಬೆಳಗದ ರಕ್ತವೂ ಮಹಾ ಅಭಿಧಮನಿಯಲ್ಲಿ ಬೆರೆತು ಹೆಪ್ಪಿನ ಭ್ರಮೆ ಹುಟ್ಟಿಸುತ್ತವೆ. ನಂತರದ ಹಂತದ ಚಿತ್ರವನ್ನು ನೋಡದೆ ಇದನ್ನು ನಿರ್ಧರಿಸಬಾರದು.

ಸುತ್ತಲಿನ ಕೊಬ್ಬಿಗೆ ಕ್ಯಾನ್ಸರ್ ಹಬ್ಬಿದೆಯೇ ಎಂಬುದನ್ನು ಹೇಳುವುದರಲ್ಲಿ ಸಿ.ಟಿ. ದುರ್ಬಲ. ಕೊಬ್ಬಿನಲ್ಲಿ ಕಾಣುವ ಎಳೆಗಳು ಊತ ಅಥವಾ ಹಳೆಯ ಉರಿಯೂತದಿಂದಲೂ ಇರಬಹುದು. ದುಗ್ಧಗ್ರಂಥಿಗಳ ವಿಷಯದಲ್ಲೂ ಹೀಗೆಯೇ: 1 ಸೆಂಟಿಮೀಟರಿಗಿಂತ ದೊಡ್ಡದಾದುದೆಲ್ಲ ಕ್ಯಾನ್ಸರ್ ಅಲ್ಲ. ಶ್ವಾಸಕೋಶಕ್ಕೆ ಹರಡುವುದು ಸಾಮಾನ್ಯವಾದ್ದರಿಂದ ಎದೆಯ ಸಿ.ಟಿ.ಯನ್ನೂ ಮಾಡುವುದು ರೂಢಿ.

ಮೂತ್ರಪಿಂಡವನ್ನು ಪೂರ್ತಿ ತೆಗೆಯದೆ ಗಡ್ಡೆಯ ಭಾಗವನ್ನಷ್ಟೇ ತೆಗೆಯಲು ಸಾಧ್ಯವೇ ಎಂಬುದನ್ನೂ ಇದೇ ಚಿತ್ರಗಳಿಂದ ಅಂದಾಜಿಸಲಾಗುತ್ತದೆ. 2009ರಲ್ಲಿ ಪ್ರಕಟವಾದ 'ರೀನಲ್' ಅಂಕಪದ್ಧತಿಯು ಗಡ್ಡೆಯ ಗಾತ್ರ, ಅದು ಹೊರಕ್ಕೆ ಚಾಚಿರುವ ಪ್ರಮಾಣ, ಮೂತ್ರ ಸಂಗ್ರಹ ಭಾಗಕ್ಕೆ ಇರುವ ದೂರ ಮತ್ತು ಮೂತ್ರಪಿಂಡದಲ್ಲಿ ಅದರ ಸ್ಥಾನಗಳಿಗೆ ಅಂಕ ನೀಡಿ, 4ರಿಂದ 12ರವರೆಗೆ ಶಸ್ತ್ರಚಿಕಿತ್ಸೆಯ ಜಟಿಲತೆಯನ್ನು ಸೂಚಿಸುತ್ತದೆ.

ಮಕ್ಕಳಲ್ಲಿ

ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ವಿಲ್ಮ್ಸ್ ಗಡ್ಡೆ ಅತಿ ಸಾಮಾನ್ಯ. ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಸಿ.ಟಿ. ಅಥವಾ ಎಂ.ಆರ್.ಐ. ನಂತರ ಬರುತ್ತದೆ. ಗಡ್ಡೆಯ ಸುತ್ತ ಉಳಿದ ಮೂತ್ರಪಿಂಡವು ಪಂಜದಂತೆ ಹಿಡಿದುಕೊಂಡಿರುವುದು ಅದು ಮೂತ್ರಪಿಂಡದಲ್ಲಿಯೇ ಹುಟ್ಟಿದ್ದು, ಪಕ್ಕದ ಅಡ್ರಿನಲ್ ಭಾಗದ ನ್ಯೂರೋಬ್ಲಾಸ್ಟೋಮ ಅಲ್ಲ ಎಂಬುದನ್ನು ಸೂಚಿಸುತ್ತದೆ. ವಿಕಿರಣದ ಕಾರಣದಿಂದ ಮಕ್ಕಳಲ್ಲಿ ಒಂದೇ ಹಂತದ ಚಿತ್ರಣಕ್ಕೆ ಸೀಮಿತಗೊಳಿಸುವುದು ವಾಡಿಕೆ.

ಅಪಾಯಗಳು ಮತ್ತು ಮಿತಿಗಳು

ಹೊಟ್ಟೆಯ ಒಂದು ಹಂತದ ಸಿ.ಟಿ.ಯಿಂದ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್‌ನಷ್ಟು ವಿಕಿರಣ ದೊರೆಯುತ್ತದೆ. ಪ್ರಕೃತಿಯಿಂದ ಒಬ್ಬ ವ್ಯಕ್ತಿಗೆ ವರ್ಷಕ್ಕೆ ದೊರೆಯುವ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್. ಹಂತಗಳು ಹೆಚ್ಚಿದಂತೆ ಪ್ರಮಾಣವೂ ಹೆಚ್ಚುತ್ತದೆ. ವರ್ಷಗಟ್ಟಲೆ ಅನುಸರಣೆ ಬೇಕಾದ ಯುವ ರೋಗಿಗಳಿಗೆ, ವಾನ್ ಹಿಪ್ಪೆಲ್-ಲಿಂಡೌ ಕಾಯಿಲೆಯಿರುವವರಿಗೆ ಮತ್ತು ಗರ್ಭಿಣಿಯರಿಗೆ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಉಚಿತ. ಭಾರತದಲ್ಲಿ ಸಿ.ಟಿ. ಯಂತ್ರಗಳನ್ನು ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ.

ಕಾಂಟ್ರಾಸ್ಟ್ ದ್ರವದಿಂದ ಕೆಲವರಲ್ಲಿ ಅಲರ್ಜಿಯಂಥ ಪ್ರತಿಕ್ರಿಯೆ ಉಂಟಾಗಬಹುದು. ತೀವ್ರವಾದದ್ದು ವಿರಳ. ಮೀನು, ಸೀಗಡಿಗಳ ಅಲರ್ಜಿಯಿರುವವರಿಗೆ ಈ ದ್ರವ ವಿಶೇಷವಾಗಿ ಅಪಾಯಕಾರಿ ಎಂಬ ನಂಬಿಕೆ ಪ್ರಚಲಿತವಾಗಿದ್ದರೂ ಅದಕ್ಕೆ ಆಧಾರವಿಲ್ಲ. ಹಿಂದೆ ಇದೇ ದ್ರವದಿಂದ ಪ್ರತಿಕ್ರಿಯೆಯಾಗಿದ್ದರೆ ಮಾತ್ರ ಅದನ್ನು ತಪ್ಪದೆ ತಿಳಿಸಬೇಕು. ಮೂತ್ರಪಿಂಡದ ಸೋಸುವಿಕೆಯ ಪ್ರಮಾಣ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಿರುವವರಲ್ಲಿ ಕಾಂಟ್ರಾಸ್ಟ್ ನೀಡುವ ಮುನ್ನ ಎಚ್ಚರ ಬೇಕು. ಅಂಥವರು ಮಧುಮೇಹಕ್ಕಾಗಿ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ವೈದ್ಯರು ಅದನ್ನು ಕೆಲಕಾಲ ನಿಲ್ಲಿಸುತ್ತಾರೆ.

ಸ್ವಯಂಚಾಲಿತ ವಿಶ್ಲೇಷಣೆ

ಸಿ.ಟಿ. ಚಿತ್ರಗಳಲ್ಲಿ ಮೂತ್ರಪಿಂಡ ಮತ್ತು ಗಡ್ಡೆಯ ಗಡಿಯನ್ನು ಗಣಕವೇ ಗುರುತಿಸುವಂತೆ ಮಾಡುವ ಪ್ರಯತ್ನಗಳಲ್ಲಿ 'ಕಿಟ್ಸ್ 19' ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ಪ್ರಮುಖವಾದುದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2019ರಲ್ಲಿ ನಡೆದ ಈ ಸ್ಪರ್ಧೆಗೆ ಶಸ್ತ್ರಚಿಕಿತ್ಸೆಗೆ ಒಳಗಾದ 300 ರೋಗಿಗಳ ಚಿತ್ರಗಳನ್ನು ಬಳಸಲಾಯಿತು. ಅವುಗಳಲ್ಲಿ 210 ತರಬೇತಿಗೆ, 90 ಪರೀಕ್ಷೆಗೆ ಮೀಸಲಾಗಿದ್ದವು. ತಜ್ಞರ ಗುರುತಿಗೂ ಗಣಕದ ಗುರುತಿಗೂ ಇರುವ ಹೊಂದಿಕೆಯನ್ನು 0ಯಿಂದ 1ರವರೆಗೆ ಅಳೆಯುವ ಡೈಸ್ ಸೂಚ್ಯಂಕದಲ್ಲಿ ಗೆದ್ದ ತಂಡವು ಮೂತ್ರಪಿಂಡಕ್ಕೆ 0.974, ಗಡ್ಡೆಗೆ 0.851 ಪಡೆಯಿತು. ಇಲ್ಲಿ ಪರೀಕ್ಷಿಸಿದ್ದು ಗಡಿಯನ್ನು ಗುರುತಿಸುವ ಸಾಮರ್ಥ್ಯವನ್ನೇ ಹೊರತು ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನಲ್ಲ. ಅದೇ ಮಾಲಿಕೆಯ ಸ್ಪರ್ಧೆಗಳು 2021 ಮತ್ತು 2023ರಲ್ಲಿ ಮುಂದುವರಿದವು. ಅವುಗಳಲ್ಲಿ ಗಡ್ಡೆಯ ಜೊತೆಗೆ ದ್ರವಚೀಲಗಳನ್ನೂ ಪ್ರತ್ಯೇಕವಾಗಿ ಗುರುತಿಸಲಾಗಿತ್ತು.